ಕಲ್ಲು ದಾಟಿ ಕಡಲಿಗೆ: ನಮ್ಮ ದಡದಲ್ಲೇ ಸ್ಕೂಬಾ ಜಾಗ ಹುಡುಕಿದ ಏಳು ತಿಂಗಳು

ಹೋದ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಕೊನೆಯ ಸಿಲಿಂಡರ್ ಕಾರಿಗೆ ಹಾಕಿ ಡಿಕ್ಕಿ ಮುಚ್ಚಿದೆವು. ಈ ಸೀಸನ್‌ಗೆ ಅಷ್ಟೇ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಏಳು ತಿಂಗಳಲ್ಲಿ ನಾನು ಮತ್ತು ನನ್ನ ಚಿಕ್ಕಪ್ಪನ ಮಗ ಒಂಬತ್ತು ಜಾಗ ನೋಡಿದೆವು. ನೀರಿಗೆ ಇಳಿದದ್ದು ನಾಲ್ಕು ಕಡೆ. ಮತ್ತೆ ಇಳಿಯಬಹುದು ಅಂತ ಧೈರ್ಯದಿಂದ ಹೇಳಬಹುದಾದ್ದು ಒಂದೇ ಒಂದು.

ಉಡುಪಿ, ಮಂಗಳೂರು ಕಡೆ ಡೈವಿಂಗ್ ಕಲಿತವರು ಈಗ ಸುಮಾರು ಜನ ಇದ್ದಾರೆ. ಹೆಚ್ಚಿನವರು ಕಲಿತದ್ದು ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ. ನಾವೂ ಹಾಗೇ. ನೇತ್ರಾಣಿ ಚೆಂದದ ಜಾಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಡುಪಿಯಿಂದ ಸುಮಾರು ನೂರು ಕಿಲೋಮೀಟರ್ ರಸ್ತೆ, ಆಮೇಲೆ ದೋಣಿ, ಇಡೀ ದಿನ ಹೋಗುತ್ತದೆ. ಮನೆಯಿಂದ ಬೆಳಿಗ್ಗೆ ಹೊರಟು, ದಡದಿಂದಲೇ ಇಳಿದು, ಮಧ್ಯಾಹ್ನದ ಊಟಕ್ಕೆ ವಾಪಸ್ ಬರುವ ಹಾಗೆ ಒಂದು ಜಾಗ ಇದ್ದರೆ ಎಷ್ಟು ಒಳ್ಳೆಯದು ಅಲ್ವಾ? ಹುಡುಕಾಟ ಶುರುವಾದದ್ದು ಈ ಒಂದು ಆಸೆಯಿಂದ.

ಈಗ ಮೂರು ನಾಲ್ಕು ಮಂದಿ ಫೋನ್ ಮಾಡಿ ಕೇಳುತ್ತಿದ್ದಾರೆ, ನಾವೂ ಹುಡುಕಬೇಕು, ಎಲ್ಲಿಂದ ಶುರು ಮಾಡುವುದು ಅಂತ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಜಾಗದ ಹೆಸರು ಮಾತ್ರ ಬರೆಯುವುದಿಲ್ಲ. ಕಾಪುವಿನಿಂದ ಪಡುಬಿದ್ರಿಗೆ ಹೋಗುವ ದಡದಲ್ಲಿ ಎಲ್ಲೋ ಒಂದು ಕಡೆ ಅಂತಷ್ಟೇ ತಿಳಿದುಕೊಳ್ಳಿ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಮೊದಲ ಹದಿನೈದು ದಿನ ನಾವು ಮಾಡಿದ್ದು ಮನೆಯಲ್ಲಿ ಕೂತು ಉಪಗ್ರಹದ ಚಿತ್ರ ನೋಡುವ ಕೆಲಸ. ಇದು ನಿಜಕ್ಕೂ ಉಪಯೋಗಕ್ಕೆ ಬಂತು. ಒಂದೇ ಜಾಗದ ಹಳೆಯ ಚಿತ್ರಗಳನ್ನು ಬೇರೆ ಬೇರೆ ತಿಂಗಳಲ್ಲಿ ನೋಡಿ. ದಡದಿಂದ ದೂರ, ನೀರಿನ ನಡುವೆ, ಪ್ರತಿ ಚಿತ್ರದಲ್ಲೂ ಒಂದೇ ಕಡೆ ಬಿಳಿ ನೊರೆ ಕಂಡರೆ ಅಲ್ಲಿ ಮುಳುಗಿದ ಬಂಡೆ ಇದೆ. ಮರಳಿನ ಮೇಲೆ ಒಡೆಯುವ ತೆರೆ ಜಾಗ ಬದಲಿಸುತ್ತದೆ, ಬಂಡೆಯ ಮೇಲೆ ಒಡೆಯುವ ತೆರೆ ಬದಲಿಸುವುದಿಲ್ಲ. ಎರಡನೆಯದು, ನದಿಯ ಬಾಯಿ. ಕೋಡಿಬೆಂಗ್ರೆಯಲ್ಲಿ ಸ್ವರ್ಣಾ ಮತ್ತು ಸೀತಾ, ಮೂಲ್ಕಿ ಕಡೆ ಶಾಂಭವಿ ಮತ್ತು ನಂದಿನಿ, ಮಂಗಳೂರಲ್ಲಿ ನೇತ್ರಾವತಿ ಮತ್ತು ಗುರುಪುರ ಹೊಳೆ. ಮಳೆ ನಿಂತು ಎಷ್ಟೋ ದಿನ ಆದ ಮೇಲೂ ಈ ಬಾಯಿಗಳಿಂದ ಕಂದು ನೀರು ಕಡಲಿಗೆ ಹರಡುವುದು ಚಿತ್ರದಲ್ಲೇ ಕಾಣುತ್ತದೆ. ಅಂಥ ಕಡೆ ಇಳಿದರೆ ಕೈ ಚಾಚಿದಷ್ಟು ದೂರವೂ ಕಾಣುವುದಿಲ್ಲ.

ಹೀಗೆ ಗುರುತು ಹಾಕಿದ ಒಂಬತ್ತು ಜಾಗದಲ್ಲಿ ಐದು, ಬರೀ ದಡದಲ್ಲಿ ನಿಂತು ನೋಡಿದ ಮೇಲೆಯೇ ಬಿಟ್ಟುಹೋದವು. ಸೋಮೇಶ್ವರದ ರುದ್ರಪಾದೆ ಮೇಲೆ ಒಂದು ಗಂಟೆ ನಿಂತೆವು. ಬಂಡೆಗೆ ಹೊಡೆದು ವಾಪಸ್ ಬರುವ ತೆರೆ ಮತ್ತೊಂದು ತೆರೆಗೆ ಡಿಕ್ಕಿ ಹೊಡೆಯುವುದನ್ನು ನೋಡಿ ಮಾತಿಲ್ಲದೆ ಕಾರಿಗೆ ವಾಪಸ್ ಬಂದೆವು. ಅಲ್ಲಿ ಜೀವ ಕಳೆದುಕೊಂಡವರು ತುಂಬ ಜನ. ದಯವಿಟ್ಟು ಆ ಆಸೆ ಇಟ್ಟುಕೊಳ್ಳಬೇಡಿ. ಸುರತ್ಕಲ್ ದೀಪಸ್ತಂಭದ ಕೆಳಗಿನ ಬಂಡೆಗಳನ್ನು ಬಿಟ್ಟದ್ದು ಪಣಂಬೂರಿನ ಬಂದರು ಅಷ್ಟು ಹತ್ತಿರ ಇದೆ ಅನ್ನುವ ಕಾರಣಕ್ಕೆ. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭದ ಸುತ್ತ ಬಂಡೆಗೆ ಕಡಿಮೆ ಇಲ್ಲ. ಬಂಡೆಯ ಅಪಾಯ ಇರುವಲ್ಲೇ ಅಲ್ವಾ ದೀಪಸ್ತಂಭ ಬೇಕಾಗುವುದು. ಆದರೆ ಅಲ್ಲಿ ಪ್ರವಾಸಿಗರು ಜಾಸ್ತಿ. ನಾವು ಇಳಿಯುವುದನ್ನು ನೋಡಿ ಯಾರಾದರೂ ಮಕ್ಕಳು ಹಿಂದೆಯೇ ನೀರಿಗೆ ಬಂದರೆ ಅನ್ನುವ ಹೆದರಿಕೆಯಾಯಿತು. ಪಡುಬಿದ್ರಿಯ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚ್ ಅನ್ನುವ ಮಾನ್ಯತೆ, ಸಿಕ್ಕಿದೆ. ದಾರಿ, ಸೌಕರ್ಯ ಎಲ್ಲ ಚೆನ್ನಾಗಿದೆ. ಆದರೆ ನಮಗೆ ಬೇಕಾದ ಬಂಡೆ ಅಲ್ಲಿ ಕಾಣಲಿಲ್ಲ. ಐದನೆಯದು ಕೈರಂಪಣಿ ಎಳೆಯುವ ದಡ. ಮೂವತ್ತು ನಲವತ್ತು ಜನ ಹಗ್ಗ ಹಿಡಿದು ಬಲೆ ಎಳೆಯುವ ಕಡೆ ನಮಗೇನು ಕೆಲಸ? ಅದು ಅವರ ಅನ್ನದ ಜಾಗ. ಬಲೆ ಹಾಕುವ ದಡದಲ್ಲಿ ಡೈವಿಂಗ್ ಬೇಡ, ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ಉಳಿದ ನಾಲ್ಕಕ್ಕೂ ಒಂದೇ ತೊಂದರೆ: ದಡಕ್ಕೆ ದಾರಿ. ನಕ್ಷೆಯಲ್ಲಿ ನೋಡಿದರೆ ರಸ್ತೆಯಿಂದ ಕಡಲಿಗೆ ಇನ್ನೂರು ಮೀಟರ್ ಅಂತ ತೋರಿಸುತ್ತದೆ. ಹೋಗಿ ನೋಡಿದರೆ ನಡುವೆ ತೆಂಗಿನ ತೋಟ, ಬೇಲಿ, ಮನೆಯ ಅಂಗಳ. ಅದು ದಾಟಿದರೆ ಕಡಲ್ಕೊರೆತಕ್ಕೆ ಹಾಕಿದ ತಡೆಗೋಡೆ. ಗೋಡೆ ಅಂತ ಹೆಸರಷ್ಟೇ. ಒಂದೊಂದು ಕಲ್ಲೂ ಫ್ರಿಜ್‌ನಷ್ಟು ದೊಡ್ಡದು, ಒಂದರ ಮೇಲೆ ಒಂದು ಸುರಿದದ್ದು. ನಡುವೆ ಕಾಲು ಇಳಿದರೆ ತೊಡೆಯವರೆಗೆ ಹೋಗುತ್ತದೆ. 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್ ಗಾಳಿ ತುಂಬಿದಾಗ ಹದಿನಾರು ಹದಿನೇಳು ಕಿಲೋ. ಅದರ ಮೇಲೆ ಜಾಕೆಟ್, ಸಿಲಿಂಡರಿನ ಗಾಳಿ ಬಾಯಿಗೆ ತರುವ ರೆಗ್ಯುಲೇಟರ್, ಮುಳುಗಲು ಸೊಂಟಕ್ಕೆ ಕಟ್ಟುವ ಸೀಸ. ಒಟ್ಟು ಇಪ್ಪತ್ತೈದು ಕಿಲೋ ಮೇಲೆಯೇ ಆಗುತ್ತದೆ. ಅಷ್ಟು ಹೊತ್ತು ಆ ಕಲ್ಲುಗಳ ಮೇಲೆ ನಡೆಯಬೇಕು.

ಇಲ್ಲಿ ನಮಗೆ ದಾರಿ ತೋರಿಸಿದ್ದು ಪಚ್ಚಿಲೆ (ಬಂಡೆಗೆ ಅಂಟಿಕೊಂಡು ಬೆಳೆಯುವ, ತಿನ್ನುವ ಚಿಪ್ಪು) ತೆಗೆಯುವ ಒಬ್ಬರು ಅಣ್ಣ. ನವೆಂಬರ್ ಮೊದಲ ವಾರ. ನಾವಿಬ್ಬರೂ ಗೋಡೆಯ ಮೇಲೆ ನಿಂತು ದುರ್ಬೀನು ಹಿಡಿದು ನೀರು ನೋಡುತ್ತಿದ್ದೆವು. ಅವರು ಕೆಳಗಿನ ಬಂಡೆಯಿಂದ ಮೇಲೆ ಹತ್ತಿ ಬಂದರು. ಸೊಂಟಕ್ಕೆ ಬಲೆಯ ಚೀಲ, ಕೈಯಲ್ಲಿ ಒಂದು ಉಳಿ, ಹಣೆಗೆ ಏರಿಸಿದ ಹಳೆಯ ಮಾಸ್ಕ್. ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು.

“ಎಂತ ಹುಡುಕುದು ಅಕ್ಕ?” ಅಂದರು.

ಹೇಳಿದೆ. ಅವರು ನಗಲಿಲ್ಲ. ಚೀಲ ಕೆಳಗಿಟ್ಟು ನಮ್ಮ ಪಕ್ಕ ಕೂತರು.

“ನೀರು ನೋಡಿ ಗೊತ್ತಾಗುದಿಲ್ಲ. ಕಲ್ಲು ನೋಡಿ. ಪಚ್ಚಿಲೆ ದಟ್ಟ ಉಂಟಲ್ಲ, ಆ ಬದಿಗೆ ತೆರೆ ಹೊಡೀತದೆ. ಬರೀ ಪಾಚಿ ಇದ್ದರೆ ಅದು ಮರೆಯ ಬದಿ. ಮರೆಯಲ್ಲಿ ಇಳಿಯಿರಿ. ಆದರೆ ಪಾಚಿ ಜಾರ್ತದೆ, ಅದು ನೆನಪಿರ್ಲಿ.”

ಹದಿನೈದು ದಿನ ಚಿತ್ರ ನೋಡಿ ನಮಗೆ ಸಿಗದ ಮಾಹಿತಿ ಎರಡು ನಿಮಿಷದಲ್ಲಿ ಸಿಕ್ಕಿತು. ಎರಡು ಬಂಡೆಗಳ ನಡುವೆ ಒಂದು ಕಂಡಿ ಇದೆ, ಅಡಿಯಲ್ಲಿ ಮರಳು, ಇಬ್ಬರು ಪಕ್ಕ ಪಕ್ಕ ಹೋಗುವಷ್ಟು ಅಗಲ ಅಂತ ಅವರೇ ತೋರಿಸಿದರು. ಅದರಾಚೆ ಒಂದು ದೊಡ್ಡ ಪಾದೆ, ಪಡು ಬದಿಯಲ್ಲಿ ನಾಲ್ಕು ಮಾರು ಆಳ. ಒಂದು ಮಾರು ಅಂದರೆ ಎರಡೂ ಕೈ ಅಗಲಿಸಿದಷ್ಟು, ಆರಡಿಯ ಹತ್ತಿರ. ಆಮೇಲೆ ನಮ್ಮ ಡೈವ್ ಕಂಪ್ಯೂಟರ್‌ನಲ್ಲಿ ಅಳೆದಾಗ ಅಲ್ಲಿ 7.4 ಮೀಟರ್ ಇತ್ತು. ಉಸಿರು ಹಿಡಿದು ಮುಳುಗಿ ಅವರು ಅಳೆದದ್ದು ಅಷ್ಟು ಸರಿ ಇತ್ತು.

ಆಮೇಲೆ ಅವರು ಕೇಳಿದ್ದು ಒಂದೇ. “ಜಾಗದ ಹೆಸರು ಎಲ್ಲಿಯೂ ಹಾಕ್ಬೇಡಿ ಅಕ್ಕ. ನಾಳೆ ಐವತ್ತು ಜನ ಬಂದ್ರೆ ನಮ್ಮ ಪಚ್ಚಿಲೆ ಉಳೀಲಿಕ್ಕಿಲ್ಲ.” ಮಾತು ಕೊಟ್ಟೆ. ಅದಕ್ಕೇ ಹೆಸರು ಬರೆಯುತ್ತಿಲ್ಲ.

ಇನ್ನು ತೋಟದ ದಾರಿ. ತೋಟ ಎಪ್ಪತ್ತು ದಾಟಿದ ಒಬ್ಬರು ಅಮ್ಮನದು. ಮೊದಲ ಸಲ ಹೋದಾಗ ಗೇಟ್ ತೆಗೆಯಲಿಲ್ಲ. ಎರಡನೇ ಸಲ ತಮ್ಮನನ್ನು ಬಿಟ್ಟು ನಾನೊಬ್ಬಳೇ ಹೋದೆ. “ಯಾವ ಊರು? ಯಾರ ಪೈಕಿ?” ಅಂತ ಶುರುವಾಗಿ ನನ್ನ ಅಜ್ಜಿಯ ಮನೆಯವರೆಗೂ ವಿಚಾರಣೆ ಆಯಿತು. ಮೂರನೇ ಸಲ ಹೋದಾಗ ಎಳನೀರು ಕೊಟ್ಟರು. ಆಮೇಲೆ ಮೆಲ್ಲಗೆ ವಿಷಯ ಹೇಳಿದರು. ಹಿಂದೆ ಒಮ್ಮೆ ಯಾರೋ ಹುಡುಗರು ಅವರ ತೋಟದಿಂದಲೇ ಇಳಿದು, ಒಬ್ಬ ವಾಪಸ್ ಬರಲಿಲ್ಲ. “ಆ ಹುಡುಗನ ತಾಯಿ ಇಲ್ಲಿಯೇ ಕೂತು ಅತ್ತದ್ದು ಮಗ, ಈ ಜಗಲಿಯಲ್ಲಿ.” ನನಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಇಳಿಯುವ ಮೊದಲು ಅವರಿಗೆ ಹೇಳಿ ಹೋಗುತ್ತೇವೆ, ಹತ್ತಿದ ತಕ್ಷಣ ಬಂದು ಮುಖ ತೋರಿಸುತ್ತೇವೆ, ತೆರೆ ದೊಡ್ಡದಿದ್ದರೆ ಇಳಿಯುವುದೇ ಇಲ್ಲ ಅಂತ ಮಾತು ಕೊಟ್ಟೆ. ನಾಲ್ಕನೇ ಸಲಕ್ಕೆ ಗೇಟಿನ ಬೀಗದ ಕೈ ಎಲ್ಲಿ ತೂಗು ಹಾಕುತ್ತಾರೆ ಅಂತ ತೋರಿಸಿದರು. ಬಟ್ಟೆ ಬದಲಿಸಲು ಬಚ್ಚಲಮನೆಯನ್ನೂ ಬಿಟ್ಟುಕೊಟ್ಟರು. ಹೆಂಗಸರು ದಡದ ಡೈವಿಂಗ್ ಮಾಡುವಾಗ ಇದು ಎಷ್ಟು ದೊಡ್ಡ ಅನುಕೂಲ ಅಂತ ಹೆಂಗಸರಿಗೇ ಗೊತ್ತು.

ಕಾಗದ ಪತ್ರದ ವಿಷಯ ಎಲ್ಲರೂ ಕೇಳುತ್ತಾರೆ. ನಮ್ಮ ಅನುಭವ ಹೇಳುತ್ತೇನೆ. ಒಂದು ಕಚೇರಿಗೆ ನಾಲ್ಕು ಸಲ ಹೋದೆವು, 19 ದಿನ ಹೋಯಿತು. ಕೊನೆಗೆ ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರು. ಬೇರೆ ಕಡೆ ಕಳಿಸಿದರು, ಅಲ್ಲೂ ಅದೇ ಉತ್ತರ. ದಡದಿಂದ ಸ್ವಂತಕ್ಕೆ ಡೈವಿಂಗ್ ಮಾಡುತ್ತೇವೆ ಅನ್ನುವವರು ಅವರ ಮುಂದೆ ಬಂದದ್ದೇ ಮೊದಲಿರಬೇಕು. ಬೇಸರವಾಗಿ ನಾವು ಸುಮ್ನೆ ಇಳಿದೆವು. ಅದು ತಪ್ಪಾಯಿತು.

ಡಿಸೆಂಬರ್‌ನ ಒಂದು ಬೆಳಗಿನ ಜಾವ, ಬೇರೊಂದು ಜಾಗದಲ್ಲಿ, ಕಪ್ಪು ಸೂಟ್ ಹಾಕಿದ ನಾವಿಬ್ಬರು ನೀರಿನಿಂದ ಎದ್ದು ಬಂದೆವು. ದಡದಲ್ಲಿ ವಾಕಿಂಗ್ ಮಾಡುವವರು ಯಾರೋ ನೋಡಿ ಪೊಲೀಸರಿಗೆ ಫೋನ್ ಮಾಡಿದ್ದರು. ಅವರ ತಪ್ಪಿಲ್ಲ. 2008ರ ಮುಂಬೈ ದಾಳಿಯವರು ಬಂದದ್ದು ಕಡಲಿನಿಂದ. ಅದಾದ ಮೇಲೆ ಅನುಮಾನ ಬಂದರೆ ತಿಳಿಸಿ ಅಂತ ದಡದ ಊರುಗಳಿಗೆ ಮತ್ತೆ ಮತ್ತೆ ಹೇಳಿದ್ದಾರೆ. ಪೊಲೀಸರು ಗೌರವವಾಗಿಯೇ ಮಾತಾಡಿದರು. ಆದರೆ ಡೈವಿಂಗ್ ಕಾರ್ಡ್ ಮನೆಯಲ್ಲಿತ್ತು, ಆಧಾರ್ ಕಾರಿನಲ್ಲಿತ್ತು, ಕಾರು ಒಂದು ಕಿಲೋಮೀಟರ್ ದೂರ ಇತ್ತು. ಒದ್ದೆ ಸೂಟ್‌ನಲ್ಲಿ ಎರಡು ಗಂಟೆ ಕೂತೆವು. ತಮ್ಮನಿಗೆ ಆಫೀಸಿಗೆ ರಜೆ ಹಾಕಬೇಕಾಯಿತು. ನಡುಕ ಬಂದದ್ದು ಚಳಿಗೋ ಹೆದರಿಕೆಗೋ ನನಗೆ ಈಗಲೂ ಗೊತ್ತಿಲ್ಲ.

ಅದಾದ ಮೇಲೆ ನಾವು ಮಾಡಿಕೊಂಡ ಕ್ರಮ ಹೇಳುತ್ತೇನೆ. ಒಂದೇ ಪುಟದ ಪತ್ರ. ಯಾವ ದಿನ, ಯಾವ ಜಾಗ, ಎಷ್ಟು ಗಂಟೆಗೆ ಇಳಿಯುವುದು, ಎಷ್ಟಕ್ಕೆ ಹತ್ತುವುದು, ಇಬ್ಬರ ಹೆಸರು, ಮೊಬೈಲ್ ನಂಬರ್, ಕಾರಿನ ನಂಬರ್, ದಡದಲ್ಲಿ ಕಾಯುವವರ ನಂಬರ್. ಅದರ ಜೊತೆ ಡೈವಿಂಗ್ ಕಾರ್ಡ್, ಆಧಾರ್, ಡಾಕ್ಟರ್ ಕೊಟ್ಟ ಫಿಟ್‌ನೆಸ್ ಸರ್ಟಿಫಿಕೇಟ್ ಇವುಗಳ ಜೆರಾಕ್ಸ್. ಅನುಮತಿ ಕೊಡಿ ಅಂತ ಬರೆಯದೆ, ನಿಮ್ಮ ಗಮನಕ್ಕೆ ತರುತ್ತಿದ್ದೇವೆ, ನಿಮ್ಮ ಆಕ್ಷೇಪ ಇದ್ದರೆ ಇಳಿಯುವುದಿಲ್ಲ ಅಂತ ಬರೆದೆವು. ಪೊಲೀಸ್ ಠಾಣೆಗೂ ಪಂಚಾಯತಿಗೂ ಒಂದೊಂದು ಕೊಟ್ಟು, ನಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆವು. ಆ ಪ್ರತಿಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ದಡದಲ್ಲಿರುವವರ ಕೈಯಲ್ಲಿ ಇಡಿ. ಕಾರಿನಲ್ಲಿ ಬೇಡ. ಎರಡು ನಂಬರ್ ಬಾಯಿಪಾಠ ಇರಲಿ: ಕರಾವಳಿ ಪೊಲೀಸರ ಸಹಾಯವಾಣಿ 1093, ಕೋಸ್ಟ್ ಗಾರ್ಡ್‌ನದು 1554. ನಿಮ್ಮ ಜಾಗದಲ್ಲಿ ಮೊಬೈಲ್ ಸಿಗ್ನಲ್ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ನಮ್ಮಲ್ಲಿ ಗೋಡೆಯ ಕೆಳಗೆ ಸಿಗುವುದಿಲ್ಲ, ಮೇಲೆ ಹತ್ತಿದರೆ ಸಿಗುತ್ತದೆ.

ಸಿಲಿಂಡರ್ ಇಲ್ಲದೆ ನಾವು ಆ ಕಂಡಿಗೆ ಐದು ಸಲ ಹೋದೆವು. ಮೊದಲು ಬರಿಗೈಯಲ್ಲಿ, ಆಮೇಲೆ ಇಪ್ಪತ್ತೈದು ಕಿಲೋ ಅಕ್ಕಿ ಚೀಲ ಬೆನ್ನಿಗೆ ಕಟ್ಟಿಕೊಂಡು. ಗೇಟಿನಿಂದ ನೀರಿಗೆ 214 ಹೆಜ್ಜೆ. ಅದರಲ್ಲಿ ಕಲ್ಲಿನ ಮೇಲೆ 31. ಗಟ್ಟಿಯಾಗಿ ಕೂತ ಕಲ್ಲುಗಳಿಗೆ ತಮ್ಮ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಅಲ್ಲಾಡುವ ಕಲ್ಲುಗಳನ್ನು ನಾನು ಲೆಕ್ಕ ಇಟ್ಟೆ, ಏಳು. ಆಮೇಲೆ ಮಾಸ್ಕ್, ಸ್ನಾರ್ಕೆಲ್ ಅಷ್ಟೇ ಹಾಕಿ ಎರಡು ಸಲ ಈಜಿದೆವು. ಇದರಲ್ಲಿ ಆತುರ ಮಾಡಬೇಡಿ. ಅಕ್ಕಿ ಚೀಲ ಹೊತ್ತು ನಡೆದ ದಿನ ನನ್ನ ಹಳೆಯ ತೆಳು ಬೂಟಿನ ಅಡಿ ಕಿತ್ತುಹೋಯಿತು. ಅದೇ ಸಿಲಿಂಡರ್ ಹೊತ್ತ ದಿನ ಆಗಿದ್ದರೆ?

ಯಾವ ದಿನ ಇಳಿಯುವುದು ಅನ್ನುವುದಕ್ಕೆ ಪಂಚಾಂಗ ನೋಡಿ. ನಮ್ಮ ದಡದಲ್ಲಿ ಭರತ ಇಳಿತದ ವ್ಯತ್ಯಾಸ ಒಂದರಿಂದ ಒಂದೂವರೆ ಮೀಟರ್. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ. ಅಷ್ಟಮಿ ಕಳೆದ ಒಂದೆರಡು ದಿನ ನೀರಿನ ಓಡಾಟ ಕಡಿಮೆ. ನಮ್ಮ ಕಂಡಿಯಲ್ಲಿ ಪೂರ್ತಿ ಇಳಿತಕ್ಕೆ ಬಂಡೆಯ ಅಂಚು ಹೊರಗೆ ಬಂದು ಕಾಲು ಕೊಯ್ಯುತ್ತದೆ. ಪೂರ್ತಿ ಭರತಕ್ಕೆ ತೆರೆ ಬಂಡೆ ಹತ್ತಿ ಈಚೆ ಬೀಳುತ್ತದೆ. ಅಷ್ಟಮಿ ಕಳೆದ ಬೆಳಿಗ್ಗೆ, ನೀರು ಅರ್ಧ ಏರಿದ ಹೊತ್ತು ಸರಿ. ಬೆಳಿಗ್ಗೆ ಮೂಡಗಾಳಿ ಇರುವಷ್ಟು ಹೊತ್ತು ಕಡಲು ಶಾಂತ. ಹನ್ನೊಂದು ಗಂಟೆಯ ಮೇಲೆ ಕಡಲಿನ ಗಾಳಿ ಎದ್ದರೆ ಮುಗಿಯಿತು. ಇಷ್ಟೆಲ್ಲ ಒಟ್ಟಿಗೆ ಕೂಡಿಬರುವ ರಜಾದಿನ ತಿಂಗಳಿಗೆ ಒಂದೋ ಎರಡೋ. ಏಳು ತಿಂಗಳು ಹಿಡಿದದ್ದು ಅದಕ್ಕೇ.

ಕಂಡಿಯಲ್ಲಿ ಮೊದಲ ಸಲ ಸಿಲಿಂಡರ್ ಹಾಕಿ ಇಳಿದದ್ದು ಜನವರಿಯಲ್ಲಿ. ಹನ್ನೊಂದೇ ನಿಮಿಷಕ್ಕೆ ವಾಪಸ್. ಹಿಂದಿನ ದಿನದ ತೆರೆಗೆ ಕೆಸರು ಎದ್ದಿತ್ತು, ನನ್ನ ಮೊಣಕೈ ಆಚೆ ಏನೂ ಕಾಣಲಿಲ್ಲ. ತಮ್ಮನ ಕೈ ಹಿಡಿದುಕೊಂಡೇ ಇದ್ದೆ. ಎರಡನೇ ಸಲ ಎರಡು ಮೀಟರ್ ಕಂಡಿತು. ಮೂರನೇ ಸಲ, ಫೆಬ್ರವರಿ ನಡುವೆ, ನೀರು ತೆರೆದುಕೊಂಡಿತು.

ಅವತ್ತು ನಾಲ್ಕೈದು ಮೀಟರ್ ಕಾಣುತ್ತಿತ್ತು. ಪಾದೆಯ ಪಡು ಬದಿ ನೇರ ಗೋಡೆಯ ಹಾಗೆ ಇಳಿದಿದೆ. ಮೇಲಿನ ಎರಡು ಮೀಟರ್ ಪಚ್ಚಿಲೆಯ ಹಸಿರು ಕಪ್ಪು. ಅದರ ಕೆಳಗೆ ಕಿತ್ತಳೆ ಬಣ್ಣದ ಸ್ಪಂಜು. ಬುಡದಲ್ಲಿ ಒಂದು ಗುಹೆಯಂಥ ಪೊಟರೆ, ಒಳಗೆ ಒಂದು ಮುರು ಮೀನು. ನನ್ನ ಮೊಣಕೈಯಷ್ಟು ಉದ್ದ ಇರಬಹುದು. ಕಿವಿರು ಆಡಿಸುತ್ತ ನಮ್ಮನ್ನೇ ನೋಡುತ್ತಿತ್ತು, ಓಡಲಿಲ್ಲ. ಎಷ್ಟೋ ವರ್ಷ ತಟ್ಟೆಯಲ್ಲಿ ನೋಡಿದ ಮೀನನ್ನು ಅದರ ಮನೆಬಾಗಿಲಲ್ಲಿ ನೋಡಿದ್ದು ಅವತ್ತೇ. ಮಾಸ್ಕ್ ಒಳಗೆ ಕಣ್ಣು ತುಂಬಿತು.

ಪಾದೆಯ ತೆಂಕು ತುದಿಗೆ ಬಂದಾಗ ಬಲೆ ಸಿಕ್ಕಿತು. ಯಾವತ್ತೋ ಹರಿದು ಬಂಡೆಗೆ ಸಿಕ್ಕಿಕೊಂಡ ಹಸಿರು ನೈಲಾನ್ ಬಲೆ. ಹತ್ತು ಹನ್ನೆರಡು ಮೀಟರ್ ಉದ್ದಕ್ಕೆ ಬಂಡೆಯನ್ನು ಹೊದ್ದುಕೊಂಡಿದೆ. ತಳದಲ್ಲಿ ಸೀಸದ ಗುಂಡುಗಳ ಹಗ್ಗ. ಕಣ್ಣಿಗಳಲ್ಲಿ ಮೀನಿನ ದವಡೆ, ಬೆನ್ನುಮೂಳೆ, ಖಾಲಿ ಏಡಿ ಚಿಪ್ಪು. ಒಂದು ಏಡಿ ಇನ್ನೂ ಬದುಕಿತ್ತು. ಎರಡು ಕಾಲು ಆಗಲೇ ಮುರಿದಿದ್ದವು, ದೊಡ್ಡ ಕೊಂಬು ಮೂರು ಸುತ್ತು ಸಿಕ್ಕಿಕೊಂಡಿತ್ತು. ತಮ್ಮ ನನ್ನ ಜಾಕೆಟ್ ಹಿಡಿದುಕೊಂಡ, ನಾನು ಚಾಕುವಿನಿಂದ ಒಂದೊಂದೇ ಎಳೆ ಕೊಯ್ದೆ. ಆರು ನಿಮಿಷ ಹಿಡಿಯಿತು. ಬಿಡಿಸಿದ ಮೇಲೂ ಅದು ಸ್ವಲ್ಪ ಹೊತ್ತು ಅಲ್ಲೇ ಇತ್ತು, ಬಿಡುಗಡೆ ಆದದ್ದೇ ಗೊತ್ತಾಗದ ಹಾಗೆ. ಆಮೇಲೆ ಅಡ್ಡಡ್ಡ ಓಡಿ ಸಂದಿಗೆ ಸೇರಿತು. ಪೂರ್ತಿ ಬಲೆ ತೆಗೆಯುವ ಪ್ರಯತ್ನ ನಾವು ಮಾಡಲಿಲ್ಲ. ಇಂಥ ಬಲೆ ಸಿಕ್ಕರೆ ನೀವೂ ಇಬ್ಬರೇ ಇದ್ದಾಗ ಮಾಡಬೇಡಿ. ಸಿಲಿಂಡರಿನ ಕುತ್ತಿಗೆಗೆ ಒಂದು ಎಳೆ ಸಿಕ್ಕಿಕೊಂಡರೆ ಬಿಡಿಸಲು ಕೈ ಹಿಂದೆ ಹೋಗುವುದಿಲ್ಲ. ಇಬ್ಬರ ಹತ್ತಿರವೂ ಚಾಕು ಇರಲೇಬೇಕು.

ಇನ್ನು ಮಾರ್ಚ್ ಕೊನೆಯ ಭಾನುವಾರದ ಕಥೆ. ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ.

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕಡಲಿನ ಮುನ್ಸೂಚನೆ ಕೊಡುತ್ತದೆ. ಹಿಂದಿನ ರಾತ್ರಿ ನೋಡಿದ್ದೆ. ತೆರೆಯ ಎತ್ತರ 0.9 ಮೀಟರ್. ಒಳ್ಳೆಯದಾಯಿತು ಅಂತ ಮಲಗಿದೆ. ಪಕ್ಕದಲ್ಲೇ ಇನ್ನೊಂದು ಅಂಕಿ ಇತ್ತು, ಒಂದು ತೆರೆಗೂ ಮುಂದಿನ ತೆರೆಗೂ ನಡುವಿನ ಹೊತ್ತು, 16 ಸೆಕೆಂಡ್. ಅದಕ್ಕೆ ನಾನು ಬೆಲೆ ಕೊಡಲಿಲ್ಲ. ನಮ್ಮ ಗಾಳಿಗೆ ಏಳುವ ತೆರೆಗಳು ಐದಾರು ಸೆಕೆಂಡಿಗೊಂದು ಬರುತ್ತವೆ. ಹದಿನೈದು ಸೆಕೆಂಡ್ ದಾಟಿದರೆ ಅವು ದಕ್ಷಿಣದ ಮಹಾಸಾಗರದಲ್ಲಿ, ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿಗೆ ಹುಟ್ಟಿ ಬಂದ ತೆರೆಗಳು. ಇಲ್ಲಿ ಗಾಳಿ ಇರುವುದಿಲ್ಲ, ಆಕಾಶ ತಿಳಿಯಾಗಿರುತ್ತದೆ, ನೀರು ಕನ್ನಡಿಯ ಹಾಗೆ ಕಾಣುತ್ತದೆ. ದಡ ಮುಟ್ಟಿದಾಗ ಮಾತ್ರ ಎದ್ದು ನಿಲ್ಲುತ್ತವೆ. ಕೇರಳದವರು ಇದನ್ನು ಕಳ್ಳಕಡಲು ಅನ್ನುತ್ತಾರೆ. ಮಳೆಗಾಲದ ಮೊದಲಿನ ತಿಂಗಳುಗಳಲ್ಲೇ ಇದು ಜಾಸ್ತಿ.

ಏಳು ಗಂಟೆಗೆ ಹತ್ತು ನಿಮಿಷ ನೋಡಿ ಇಳಿದೆವು. ಸುಲಭವಾಗಿ ಇಳಿದೆವು. 38 ನಿಮಿಷ ಡೈವ್ ಮಾಡಿ ಮೇಲೆ ಬಂದರೆ ಕಂಡಿ ಕಾಣಲಿಲ್ಲ. ಬಿಳಿ ನೊರೆ ಮಾತ್ರ. ಸ್ವಲ್ಪ ಹೊತ್ತು ಕಾದೆವು, ನೀರು ಶಾಂತವಾಯಿತು. ಈಗ ಹೋಗೋಣ ಅಂತ ನಾನು ಮುಂದೆ ಹೊರಟೆ. ಕಂಡಿಯ ಬಾಯಿಗೆ ಬರುವಾಗ ಬೆನ್ನ ಹಿಂದೆ ನೀರು ಎತ್ತಿದ ಹಾಗಾಯಿತು. ಸದ್ದೇ ಇರಲಿಲ್ಲ. ಮರುಕ್ಷಣ ನಾನು ಬಂಡೆಯ ಮೇಲಿದ್ದೆ. ಎಡಗೈ ಊರಿದ್ದು ಕಲ್ವದ ಚಿಪ್ಪಿನ ಮೇಲೆ. ತೆರೆ ವಾಪಸ್ ಎಳೆಯುವಾಗ ಬಲಗಾಲಿನ ಫಿನ್, ಅಂದರೆ ಈಜಲು ಕಾಲಿಗೆ ಹಾಕುವ ರೆಕ್ಕೆ, ಕಿತ್ತುಕೊಂಡು ಹೋಯಿತು. ರೆಗ್ಯುಲೇಟರ್ ಬಾಯಲ್ಲೇ ಇತ್ತು, ಅದೊಂದು ಉಳಿಸಿತು. ದಡ ಮುಟ್ಟುವವರೆಗೆ ಅದನ್ನು ಬಾಯಿಯಿಂದ ತೆಗೆಯಬೇಡಿ, ಮಾಸ್ಕ್ ಕೂಡ.

ತಮ್ಮ ನನ್ನನ್ನು ಜಾಕೆಟ್ ಹಿಡಿದು ಆಚೆ ಎಳೆದ. ಗೋಡೆಯ ಮೇಲೆ ಪಚ್ಚಿಲೆಯ ಅಣ್ಣ ನಿಂತಿದ್ದರು. ಅಂಗಿ ಬಿಚ್ಚಿ ಬಡಗು ದಿಕ್ಕಿಗೆ ಬೀಸುತ್ತಿದ್ದರು. ಆ ಕಡೆ ನಾನೂರು ಮೀಟರ್ ಹೋದರೆ ಮರಳಿನ ದಡ ಇದೆ. ಅದನ್ನು ನಾವು ನಕ್ಷೆಯಲ್ಲಿ ಎರಡನೇ ದಾರಿ ಅಂತ ಬರೆದಿದ್ದೆವು. ಬರೆದದ್ದಷ್ಟೇ, ಒಂದು ಸಲವೂ ಈಜಿ ನೋಡಿರಲಿಲ್ಲ. ಒಂದೇ ಫಿನ್‌ನಲ್ಲಿ, ಕೈಯಿಂದ ರಕ್ತ ಹೋಗುತ್ತಿರುವಾಗ, ಆ ನಾನೂರು ಮೀಟರಿಗೆ 35 ನಿಮಿಷ ಹಿಡಿಯಿತು. ಅಣ್ಣ ದಡದ ಉದ್ದಕ್ಕೂ ನಮ್ಮ ಸಮಕ್ಕೆ ನಡೆದು ಬಂದರು, ಒಂದು ಕ್ಷಣವೂ ಕಣ್ಣು ತೆಗೆಯದೆ. ಮರಳಿಗೆ ಬಂದಾಗ ಸೊಂಟದ ನೀರಿಗೆ ಇಳಿದು ನನ್ನ ಸಿಲಿಂಡರ್ ತೆಗೆದುಕೊಂಡರು. ಅಂಗೈಗೆ ಐದು ಹೊಲಿಗೆ. ತೋಟದ ಅಮ್ಮನಿಗೆ ಮುಖ ತೋರಿಸಲು ಹೋದಾಗ ಅವರು ಏನೂ ಬೈಯಲಿಲ್ಲ. ಅರಿಶಿನ ಹಚ್ಚಿದ ಬಟ್ಟೆ ತಂದರು, ಕೈ ಹಿಡಿದುಕೊಂಡು ಸುಮ್ಮನೆ ಕೂತರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಈಗ ನಮ್ಮ ಕ್ರಮ ಬದಲಾಗಿದೆ. ಯಾವ ಜಾಗಕ್ಕೆ ಹೋದರೂ ಮೊದಲು ನೋಡುವುದು ಹತ್ತುವ ಜಾಗ, ಇಳಿಯುವ ಜಾಗ ಆಮೇಲೆ. ಇಳಿಯುವಾಗ ಮೈಯಲ್ಲಿ ಶಕ್ತಿ ಇರುತ್ತದೆ, ತೆರೆಯನ್ನು ಎದುರಿಗೆ ನೋಡುತ್ತೇವೆ. ಹತ್ತುವಾಗ ಸುಸ್ತು, ತೆರೆ ಬೆನ್ನ ಹಿಂದೆ. ಎರಡನೇ ದಾರಿಯನ್ನು ಒಂದು ಸಲ ಈಜಿಯೇ ನೋಡುತ್ತೇವೆ. ಕಡಲನ್ನು ಹತ್ತು ನಿಮಿಷದ ಬದಲು ಅರ್ಧ ಗಂಟೆ, ಗಡಿಯಾರ ಹಿಡಿದು ನೋಡುತ್ತೇವೆ, ಯಾಕೆಂದರೆ ದೂರದ ತೆರೆಗಳು ಗುಂಪು ಗುಂಪಾಗಿ ಬರುತ್ತವೆ, ನಡುವೆ ಹತ್ತು ಹದಿನೈದು ನಿಮಿಷ ಏನೂ ಇರುವುದಿಲ್ಲ. ಮುನ್ಸೂಚನೆಯಲ್ಲಿ ಒಂದು ತೆರೆಗೂ ಮುಂದಿನ ತೆರೆಗೂ ನಡುವಿನ ಹೊತ್ತು 14 ಸೆಕೆಂಡ್ ದಾಟಿದರೆ ಎತ್ತರ ಎಷ್ಟೇ ಕಡಿಮೆ ಇರಲಿ, ಇಳಿಯುವುದಿಲ್ಲ. ಸಿಲಿಂಡರಿನ ಗಾಳಿಯ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಮುಟ್ಟದೆ ಇಡಲು. ದಡದಲ್ಲಿ ಒಬ್ಬರು ಇಲ್ಲದಿದ್ದರೆ ಮನೆಗೆ ವಾಪಸ್.

ದೋಣಿಗಳ ವಿಷಯ ಒಂದು ಮಾತು. ಕೆಂಪು ಬಟ್ಟೆಗೆ ಮೂಲೆಯಿಂದ ಮೂಲೆಗೆ ಬಿಳಿ ಪಟ್ಟಿಯ ಬಾವುಟ ಇದ್ದರೆ ಕೆಳಗೆ ಡೈವರ್ ಇದ್ದಾರೆ ಅಂತ ಅರ್ಥ. ಆದರೆ ನಮ್ಮ ಕಡೆಯ ನಾಡದೋಣಿಯವರಿಗೆ ಅದರ ಪರಿಚಯ ಇರಲಿಲ್ಲ. ಬಲೆಯ ಗುರುತು ಅಂತ ತಿಳಿದು ಒಬ್ಬರು ಹತ್ತಿರವೇ ಬಂದಿದ್ದರು. ಹಾಗಾಗಿ ಹಿಂದಿನ ಸಂಜೆಯೇ ದೋಣಿ ಎಳೆದಿಡುವ ಜಾಗಕ್ಕೆ ಹೋಗಿ ಬಾವುಟ ತೋರಿಸಿ ಹೇಳಿ ಬರುತ್ತೇವೆ. ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ.

ಖರ್ಚು ಕೇಳಿದವರಿಗೆ ಪೂರ್ತಿ ಲೆಕ್ಕ ಕೊಡುತ್ತೇನೆ. ಸಿಲಿಂಡರ್ ಬಾಡಿಗೆಗೆ ಕೊಡುವವರು ಸಿಕ್ಕಿದ್ದು ಮುರುಡೇಶ್ವರದ ಕಡೆ. ಒಂದು ಕಡೆ ನಮ್ಮ ಗೈಡ್ ಇಲ್ಲದೆ ಕೊಡುವುದಿಲ್ಲ ಅಂದರು, ಇನ್ನೊಂದು ಕಡೆ ಡೆಪಾಸಿಟ್ ಇಟ್ಟು ಕೊಟ್ಟರು. ಎಂಟು ಸಲ ಹೋಗಿ ಬಂದದ್ದಕ್ಕೆ ಪೆಟ್ರೋಲ್, ಟೋಲ್ ಸೇರಿ 14,400. ಪ್ರತಿ ಸಲ ನಾಲ್ಕು ಸಿಲಿಂಡರ್, ಒಂದಕ್ಕೆ 500ರ ಹಾಗೆ 16,000. ದಪ್ಪ ಅಡಿಯ ಬೂಟು ಎರಡು ಜೊತೆ 5,200. ಕಳೆದುಹೋದ ಫಿನ್ ಒಂದೇ ಸಿಗುವುದಿಲ್ಲ, ಹೊಸ ಜೊತೆ 6,800. ಹೊಲಿಗೆ, ಇಂಜೆಕ್ಷನ್ 1,150. ತೇಲುವ ಬುಂಡೆ, ಹಗ್ಗ, ಬಾವುಟ 1,900. ಡಾಕ್ಟರ್ ಸರ್ಟಿಫಿಕೇಟ್ ಇಬ್ಬರದ್ದು 1,000. ಒಟ್ಟು 46,450 ರೂಪಾಯಿ. ತಂದ 32 ಸಿಲಿಂಡರ್‌ಗಳಲ್ಲಿ 6 ತೆರೆಯದೆಯೇ ವಾಪಸ್ ಹೋದವು, ಕಡಲು ಸರಿ ಇರಲಿಲ್ಲ. ಆ 3,000 ರೂಪಾಯಿ ಹೋದದ್ದಕ್ಕೆ ನನಗೆ ಬೇಸರ ಇಲ್ಲ. ಹಣ ಕೊಟ್ಟಾಗಿದೆ ಅಂತ ಇಳಿಯುವ ಆಸೆ ಬರುತ್ತದೆ, ಅದು ಬಹಳ ಕೆಟ್ಟ ಆಸೆ. ಅಂದಹಾಗೆ ಸಿಲಿಂಡರ್ ತೆಗೆದುಕೊಳ್ಳುವಾಗ ಕುತ್ತಿಗೆಯ ಹತ್ತಿರ ಕೊರೆದ ಪರೀಕ್ಷೆಯ ದಿನಾಂಕ ಓದಿ, ಅಲ್ಲೇ ಗೇಜ್ ಹಾಕಿ ನೋಡಿ. ನಮಗೆ ಒಂದು ಸಲ ಗಾಳಿಯ ಒತ್ತಡ 200 ಬಾರ್ ಇರಬೇಕಾದಲ್ಲಿ 140 ಇತ್ತು, ಗೊತ್ತಾದದ್ದು ದಡಕ್ಕೆ ಬಂದ ಮೇಲೆ.

ಜೂನ್ 1ರಿಂದ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಲ್ಲುತ್ತದೆ, ಜುಲೈ 31ರವರೆಗೆ. ಆ ಹೊತ್ತಿಗೆ ನಮ್ಮ ಕಂಡಿ ಇರುವುದೇ ಕಾಣುವುದಿಲ್ಲ ಅಂತಾರೆ. ನೂಲು ಹುಣ್ಣಿಮೆಗೆ ಸಮುದ್ರಪೂಜೆ ಆಗಿ, ನೀರು ತಿಳಿಯಾಗಲು ನವೆಂಬರ್ ಬರಬೇಕು. ಆಗ ಬಲೆ ತೆಗೆಯುವ ಕೆಲಸ ಇದೆ. ಪಚ್ಚಿಲೆಯ ಅಣ್ಣ ಒಂದು ನಾಡದೋಣಿ ಮಾತಾಡಿ ಇಡುತ್ತೇನೆ ಅಂದಿದ್ದಾರೆ. ಆರು ಜನ ಡೈವರ್ ಬೇಕು, ನಾಲ್ವರು ಸಿಕ್ಕಿದ್ದಾರೆ.

ಭಾನುವಾರ ಹೊರಡುವಾಗ ಬೀಗದ ಕೈ ವಾಪಸ್ ಕೊಡಲು ಹೋದೆ. ಅಮ್ಮ ತೆಗೆದುಕೊಳ್ಳಲಿಲ್ಲ. “ಅಲ್ಲೇ ಮೊಳೆಗೆ ಹಾಕು ಮಗ” ಅಂದರು. ಆಮೇಲೆ ಗೋಡೆಯ ಕಡೆ ಕೈ ತೋರಿಸಿ, “ಕಲ್ಲು ಮಾತ್ರ ಹೀಗೇ ಇರ್ತದೆ ಅಂತ ತಿಳ್ಕೊಳ್ಬೇಡ. ಪ್ರತಿ ಮಳೆಗೂ ಜರುಗ್ತದೆ” ಅಂದರು. ಸೀಮೆಸುಣ್ಣದ ಗುರುತುಗಳು ಆಗಲೇ ಅಳಿಸಿದ್ದವು. ಆ 31 ಹೆಜ್ಜೆಗಳನ್ನು ನವೆಂಬರ್‌ನಲ್ಲಿ ಮತ್ತೆ ಅಕ್ಕಿ ಚೀಲ ಹೊತ್ತು ಹುಡುಕಬೇಕು.